ಎಂಟು ಚೌಕದ ಕೂದಲು

ಡ್ರೈಕ್ಲೀನಿಂಗ್ ಅಂಗಡಿಯಲ್ಲಿ ಶಿಯೊಮಿ ಕತ್ಸುಯೆ ದಿನವಿಡೀ ಮಾಡುವ ಕೆಲಸ ಒಂದೇ: ಬಂದ ಬಟ್ಟೆಗೆಲ್ಲ ಅದರ ಒಡೆಯರ ಹೆಸರು ಬರೆದ ಚೀಟಿ ಸಿಕ್ಕಿಸುವುದು. ಇಪ್ಪತ್ತೆರಡು ವರ್ಷಗಳಲ್ಲಿ ಒಬ್ಬರ ಕೋಟು ಇನ್ನೊಬ್ಬರ ಮನೆಗೆ ಹೋದದ್ದಿಲ್ಲ. ಹೆಸರಿನ ವಿಷಯದಲ್ಲಿ ಶಿಯೊಮಿಯವರನ್ನು ಕಣ್ಣು ಮುಚ್ಚಿ ನಂಬಬಹುದು ಎಂದು ಅಂಗಡಿಯ ಯಜಮಾನ ಗಿರಾಕಿಗಳ ಮುಂದೆ ಹೊಗಳುತ್ತಾನೆ. ಹಾಗೆ ಹೊಗಳಿದ ದಿನ ಅವಳು ಮಧ್ಯಾಹ್ನದ ಊಟದ ಡಬ್ಬಿಯನ್ನು ತೆರೆಯದೆ ಮನೆಗೆ ಒಯ್ಯುತ್ತಾಳೆ.

ಅರವತ್ತರ ಈ ಹೆಂಗಸು ಒಂದು ಕಾಲದಲ್ಲಿ ಟೀವಿಗೆ ಜೋಡಿಸಿ ಆಡುವ ವಿಡಿಯೊ ಆಟಗಳಿಗೆ ಚುಕ್ಕೆ ಚುಕ್ಕೆಯಾಗಿ ಚಿತ್ರ ಬಿಡಿಸುತ್ತಿದ್ದಳು. ಅವಳ ಅಪ್ಪ ಸಕಾಯ್ ಊರಿನಲ್ಲಿ ಚಾಕುಗಳಿಗೆ ಹಿಡಿ ಕೂರಿಸುವವನು. ಅವ್ವ ಕಸೂತಿಯವಳು. ಮಗಳಿಗೆ ಚೌಕಳಿ ಹಾಳೆಯ ಮೇಲೆ ಬಣ್ಣ ತುಂಬುವ ಕೈಚಳಕ ಅಲ್ಲಿಂದಲೇ ಬಂತು. ಆಗ ಆಟದ ಚಿತ್ರಗಳು ಕಾಗದದ ಮೇಲೆ ಹುಟ್ಟುತ್ತಿದ್ದವು. ಒಂದು ಚೌಕಕ್ಕೆ ಅರವತ್ತನಾಲ್ಕು ಚುಕ್ಕೆ. ಅವಳ ಕಂಪನಿ ಕೊಳ್ಳುತ್ತಿದ್ದ ಅಗ್ಗದ ಮೆಮೊರಿ ಚಿಪ್‌ನಲ್ಲಿ ಹಿನ್ನೆಲೆಗೆ ಅಂತ ಇನ್ನೂರೈವತ್ತಾರು ಚೌಕ, ಮೇಲೆ ಒಂದೂ ಸಿಗದು. ಮನೆ, ಮರ, ಮಳೆ, ಅಕ್ಷರ ಎಲ್ಲವನ್ನೂ ಅಷ್ಟರಲ್ಲೇ ಹೊಂದಿಸಬೇಕು. ಬಡವರ ಮನೆಯ ಹೆಣ್ಣುಮಕ್ಕಳು ಅದನ್ನು ಚೆನ್ನಾಗಿ ಮಾಡುತ್ತಾರೆ.

ಕಂಪನಿಯ ಹೆಸರು ಮಿನಾಮೊ. ಒಸಾಕಾದ ನಂಬಾ ನಿಲ್ದಾಣದ ಹಿಂದೆ, ಚಪ್ಪಲಿ ಗೋದಾಮಿನ ಮೇಲೆ ಎರಡು ಕೋಣೆ, ಒಂಬತ್ತು ಜನ. ಯಜಮಾನ ಓಬಾ ಎಂಬವನು. ಅವನಿಗೆ ಒಂದೇ ಹೆದರಿಕೆ: ತನ್ನ ಕೆಲಸಗಾರರನ್ನು ಬೇರೆ ಕಂಪನಿಯವರು ಎಳೆದುಕೊಂಡು ಹೋದರೆ? ಆ ಹೆದರಿಕೆ ಆಗ ಎಲ್ಲ ಯಜಮಾನರಿಗೂ ಇತ್ತು. ಹಾಗಾಗಿ ಆಟ ಮುಗಿದಾಗ ಮಾಡಿದವರ ನಿಜವಾದ ಹೆಸರು ಪರದೆಯ ಮೇಲೆ ಬರುವಂತಿರಲಿಲ್ಲ. ಏನಿದ್ದರೂ ಅಡ್ಡಹೆಸರು. ಗಿಡ್ಡಗಿದ್ದ ಕತ್ಸುಯೆ ಅಲ್ಲಿ ಬರೀ ‘ಹುರುಳಿಕಾಳು’.

ಕುಸುಮೊತೊ ಮಿಚಿಹಿಕೊ ಮಾತ್ರ ಒಪ್ಪಲಿಲ್ಲ. ಆಟಗಳ ಪ್ರೋಗ್ರಾಂ ಬರೆಯುತ್ತಿದ್ದವನು ಅವನೇ. ಇಪ್ಪತ್ತಾರು ವರ್ಷ, ಕೆದರಿದ ತಲೆ, ಮೇಜಿನ ಮೇಲೆ ಯಾವಾಗಲೂ ಅರ್ಧ ಕಚ್ಚಿಟ್ಟ ಬ್ರೆಡ್ಡು.

"ಅಡ್ಡಹೆಸರು ನಾಯಿಗಿಡೋದು ಕಣೇ. ನಂಗೆ ನಮ್ಮಮ್ಮ ಇಟ್ಟಿರೋ ಹೆಸರಿದೆ" ಎನ್ನುತ್ತಿದ್ದ.

"ಆ ಹೆಸರನ್ನ ನಿಮ್ಮಮ್ಮನ ಮುಂದೇನೇ ಹೇಳ್ಕೋ. ಓಬಾ ಕೇಳಿಸ್ಕೊಂಡ್ರೆ ಚರ್ಮ ಸುಲೀತಾನೆ" ಎಂದು ಕತ್ಸುಯೆ ನಗುತ್ತಿದ್ದಳು.

ಅವನು ಗುಟ್ಟಾಗಿ ಒಂದು ಕೆಲಸ ಮಾಡಿದ್ದ. ‘ಕೊನೆಯ ದೋಣಿ’ ಎಂಬ ಆಟ ತಯಾರಾಗುತ್ತಿತ್ತು. ನದಿ ದಾಟಿಸುವ ಅಂಬಿಗ, ಅವನ ದೋಣಿಗೆ ಹತ್ತುವ ನೀರಿನ ಹೆಣ್ಣು, ದೆವ್ವದ ಕಥೆ. ಅದರ ಚೌಕಗಳ ಕಟ್ಟಕಡೆಯ ಎಂಟನ್ನು ಮಿಚಿಹಿಕೊ ತನ್ನ ಹೆಸರಿಗೆ ಬಳಸಿಕೊಂಡಿದ್ದ. ಕುಸುಮೊತೊ, ನಾಲ್ಕು ಅಕ್ಷರ. ಮಿಚಿಹಿಕೊ, ಇನ್ನು ನಾಲ್ಕು. ಯಾರೂ ಒತ್ತದಂಥ ಕ್ರಮದಲ್ಲಿ ಗುಂಡಿಗಳನ್ನು ಒತ್ತಿದರೆ ಕಪ್ಪು ಪರದೆಯ ನಡುವೆ ಆ ಎಂಟು ಅಕ್ಷರ ಬಂದು ನಿಲ್ಲಬೇಕು, ಅಷ್ಟೇ ಅವನ ಆಸೆ.

ಒಂದು ಗುರುವಾರ ಓಬಾ ಬಂದು ಪರದೆಯ ಮೇಲಿನ ನೀರಿನ ಹೆಣ್ಣನ್ನು ನೋಡಿ ಕೂಗಾಡಿದ. "ಇದೇನು ದೆವ್ವಾನಾ? ತಲೆಗೆ ಟೋಪಿ ಹಾಕ್ಕೊಂಡು ಸಂತೆಗೆ ಹೊರಟಂಗಿದಾಳೆ. ಕೂದಲು ನೀರಿನ ಮೇಲೆ ಹರಡ್ಬೇಕು, ನೋಡಿದೋರಿಗೆ ಮೈ ಜುಮ್ ಅನ್ಬೇಕು!"

"ಚೌಕ ಖಾಲಿ ಇಲ್ಲ ಸಾರ್."

"ಹುಡುಕು. ಸಂಜೆ ಒಳಗೆ ಆಗ್ಬೇಕು."

ಹುಡುಕಿದಳು. ಆ ಎಂಟು ಚೌಕ ಕಣ್ಣಿಗೆ ಬಿತ್ತು. ಅದು ಯಾರ ಹೆಸರು, ಯಾಕೆ ಅಲ್ಲಿದೆ ಎಂದು ಅವಳಿಗೆ ನೋಡಿದ ತಕ್ಷಣ ಗೊತ್ತಾಯಿತು. ಮಿಚಿಹಿಕೊ ಹಲ್ಲಿನ ಡಾಕ್ಟರ ಹತ್ತಿರ ಹೋಗಿದ್ದ, ಎರಡು ಗಂಟೆಯಲ್ಲಿ ಬರುವವನಿದ್ದ. ಕಾಯಬಹುದಿತ್ತು. ಅವಳು ಕಾಯಲಿಲ್ಲ. ಹೆಸರು ಹಾಕುವಂತಿಲ್ಲವಲ್ಲ, ಹೇಗೂ ಓಬಾ ನೋಡಿದರೆ ಅಳಿಸುತ್ತಾನೆ ಎಂದು ತನಗೆ ತಾನೇ ಸಮಜಾಯಿಷಿ ಹೇಳಿಕೊಂಡಳು. ಒಳಗೆ ಸ್ವಲ್ಪ ಹೊಟ್ಟೆಕಿಚ್ಚೂ ಇತ್ತು: ನಾವೆಲ್ಲ ಹುರುಳಿಕಾಳಾಗಿರುವಾಗ ಇವನೊಬ್ಬ ಪೂರ್ತಿ ಹೆಸರು ಬರೆದುಕೊಳ್ಳುವುದೆ? ಎಂಟೂ ಚೌಕ ಅಳಿಸಿ ಅಲ್ಲಿ ಕೂದಲು ಬಿಡಿಸಿದಳು. ಬಹಳ ಚೆನ್ನಾಗಿ ಬಂತು. ಓಬಾ ಬೆನ್ನು ತಟ್ಟಿದ.

ಶುಕ್ರವಾರ ಮಿಚಿಹಿಕೊ ಏನೂ ಹೇಳಲಿಲ್ಲ. ಗಮನಿಸಿಲ್ಲ ಎಂದುಕೊಂಡಳು. ಶನಿವಾರವೂ ಅವನು ಮನೆಗೆ ಹೋಗಲಿಲ್ಲ, ಆ ತಿಂಗಳೆಲ್ಲ ಹಾಗೇ. ಭಾನುವಾರ ಬೆಳಗ್ಗೆ ಕಿಶಿವಾದಾದ ತಾಯಿಯ ಮನೆಗೆಂದು ನಂಬಾದಲ್ಲಿ ರೈಲು ಹತ್ತಿದವನ ಎದೆಬಡಿತ ಕೂತಲ್ಲೇ ನಿಂತುಹೋಯಿತು. ನಿದ್ದೆ ಮಾಡುವವರನ್ನು ಅಲ್ಲಿನ ರೈಲಿನಲ್ಲಿ ಯಾರೂ ಎಬ್ಬಿಸುವುದಿಲ್ಲ, ಅದು ಮರ್ಯಾದೆ. ರೈಲು ಸಮುದ್ರದ ಬದಿಯಲ್ಲಿ ವಕಾಯಾಮಾಕ್ಕೆ ಹೋಯಿತು, ನಂಬಾಕ್ಕೆ ಬಂತು, ಮತ್ತೆ ಹೋಯಿತು, ಮತ್ತೆ ಬಂತು. ಪಕ್ಕದಲ್ಲಿ ಜನ ಕೂತರು, ಎದ್ದರು. ಅವನ ತಲೆ ತಮ್ಮ ಭುಜಕ್ಕೆ ತಾಗಿದಾಗ ಮೆಲ್ಲಗೆ ಸರಿದು ಕೂತರು.

ಹೆಣದ ಪಕ್ಕ ಕೂತ ಸಂಜೆ ಅವನ ತಾಯಿ ಸಾವಾ, ಕತ್ಸುಯೆಯ ಕೈ ಹಿಡಿದು ಕೇಳಿದಳು: "ಮನೆಗೂ ಬರ್ದೆ ಅದೇನು ಮಾಡ್ತಿದ್ದನಮ್ಮ ನನ್ನ ಮಗ? ಏನಾದ್ರೂ ಬಿಟ್ಟು ಹೋಗಿದಾನಾ?"

ಕತ್ಸುಯೆಯ ಬಾಯಿಂದ ಮಾತು ತಾನಾಗಿ ಬಂತು. "ಅವರ ಹೆಸರು ಆಟದೊಳಗಿದೆ ಅಮ್ಮ. ಗುಟ್ಟಾಗಿಟ್ಟಿದಾರೆ. ಯಾರಿಗೂ ಕಾಣಲ್ಲ, ಆದ್ರೆ ಇದೆ."

ಮೂವತ್ತಾರು ವರ್ಷದಿಂದ, ಪ್ರತಿ ಆಗಸ್ಟ್‌ನಲ್ಲಿ, ಸತ್ತವರು ಮನೆಗೆ ಬಂದು ಹೋಗುವ ಆ ಮೂರು ದಿನಗಳಲ್ಲಿ ಒಂದು ದಿನ, ಅವಳು ಕಿಶಿವಾದಾಕ್ಕೆ ಹೋಗಿ ಮಿಚಿಹಿಕೊನ ಫೋಟೊದ ಮುಂದೆ ಊದುಬತ್ತಿ ಹಚ್ಚುತ್ತಾಳೆ. ಕೈ ಮುಗಿದು ತಿರುಗಿ ಆ ಮಾತನ್ನೇ ಹೇಳುತ್ತಾಳೆ: "ಹೆಸರು ಹಾಗೇ ಇದೆ ಅಮ್ಮ." ಸಾವಾ "ಹೂಂ" ಎನ್ನುತ್ತಾಳೆ. ಹೋಗುವಾಗಲೂ ಬರುವಾಗಲೂ ಕತ್ಸುಯೆ ರೈಲಿನಲ್ಲಿ ಕೂರುವುದಿಲ್ಲ. ಕಂಬಿ ಹಿಡಿದು ನಿಂತು, ನಿದ್ದೆ ಮಾಡುವ ಗಂಡಸರ ಎದೆ ಏರಿಳಿಯುತ್ತಿದೆಯೆ ಎಂದು ಒಬ್ಬೊಬ್ಬರನ್ನೇ ನೋಡುತ್ತ ಹೋಗುತ್ತಾಳೆ. ಎದೆ ಅಲುಗದಂತೆ ಕಂಡರೆ ಬೇಕೆಂದೇ ಕೊಡೆ ಬೀಳಿಸುತ್ತಾಳೆ. ಅವರು ಬೆಚ್ಚಿ ಎದ್ದು ಗುರಾಯಿಸಿದರೆ ಅವಳ ಜೀವ ತಣ್ಣಗಾಗುತ್ತದೆ. ಸ್ನಾನದ ಮನೆಯ ಗೋಡೆಯ ಬಿಳಿ ಚೌಕಗಳನ್ನು ನೋಡಲಾರದೆ ಅಲ್ಲೊಂದು ಪರದೆ ಇಳಿಬಿಟ್ಟಿದ್ದಾಳೆ. ಮದುವೆಯೊಂದು ಆಗಿ ನಾಲ್ಕು ವರ್ಷಕ್ಕೆ ಮುರಿಯಿತು. ನೀನು ಯಾರನ್ನೋ ಮನೆಯಲ್ಲಿಟ್ಟುಕೊಂಡಿದ್ದೀಯಾ ಎಂದು ಹೇಳಿ ಗಂಡ ಹೊರಟುಹೋದ. ಅವನು ಹೇಳಿದ್ದು ಪೂರ್ತಿ ಸುಳ್ಳೇನಲ್ಲ.

ಮಿಚಿಹಿಕೊ ಸತ್ತ ಮೂರು ವರ್ಷಕ್ಕೆ ಮಿನಾಮೊ ಕಂಪನಿ ಮುಚ್ಚಿತು. ಓಬಾ ಎಲ್ಲೋ ಹೋದ, ಎಲ್ಲೋ ಸತ್ತ. ‘ಕೊನೆಯ ದೋಣಿ’ ಆಟದ ಯಂತ್ರಕ್ಕೆ ಸಿಕ್ಕಿಸುವ ಕ್ಯಾಸೆಟ್ಟಾಗಿ ಕೆಲವೇ ಸಾವಿರ ಮಾರಾಟವಾಗಿ ಕಾಣೆಯಾಯಿತು. ಕತ್ಸುಯೆ ಅದನ್ನು ಒಂದು ಸಲವೂ ಆಡಿ ನೋಡಲಿಲ್ಲ.

ಹೀಗಿರುವಾಗ ಈ ಜೂನ್‌ನಲ್ಲಿ ಒಂದು ಕಾಗದ ಬಂತು. ಹಳೆಯ ಆಟಗಳನ್ನು ಕಾಪಾಡುವ ಸಂಘವೊಂದು ಅವಳನ್ನು ಹುಡುಕಿ ಹಿಡಿದಿತ್ತು. ‘ಕೊನೆಯ ದೋಣಿ’ಯನ್ನು ಎಲ್ಲರೂ ಆಡುವಂತೆ ಮತ್ತೆ ಹೊರತರಬೇಕು, ಬದುಕಿರುವ ಕೆಲಸಗಾರರಲ್ಲಿ ಸಿಕ್ಕವರು ನೀವೊಬ್ಬರೇ, ದಯವಿಟ್ಟು ಬನ್ನಿ. ಹೋಗಬಾರದು ಎಂದುಕೊಂಡೇ ಹೋದಳು.

ಸಂಘದ ಹಮಾಗುಚಿ ನಲವತ್ತರ ಆಸುಪಾಸಿನವನು, ಕಾನೂನು ಓದಿದವನು. ಚಹಾ ಲೋಟವನ್ನು ಕೂಡ ಅನುಮತಿ ಕೇಳಿ ಕೆಳಗಿಡುವ ಜಾತಿ. ಅವನ ಮುಂದೆ ಒಂದು ಸಾಮಾನ್ಯ ಕಂಪ್ಯೂಟರ್. ಅದರೊಳಗೆ ಎಮ್ಯುಲೇಟರ್, ಅಂದರೆ ಹಳೆಯ ಆಟದ ಯಂತ್ರದ ಸೋಗು ಹಾಕುವ ಪ್ರೋಗ್ರಾಂ. ಕ್ಯಾಸೆಟ್ಟಿನೊಳಗಿದ್ದದ್ದನ್ನು ಅದಕ್ಕೆ ಉಣಿಸಿದರೆ ತಾನೇ ಆ ಯಂತ್ರವೆಂಬಂತೆ ಅದು ಆಟ ಓಡಿಸುತ್ತದೆ.

ಪರದೆಯ ಮೇಲೆ ನದಿ ಬಂತು, ದೋಣಿ ಬಂತು, ನೀರಿನ ಹೆಣ್ಣು ಬಂದಳು. ಕತ್ಸುಯೆ ಕುರ್ಚಿಯನ್ನು ಪರದೆಯ ಹತ್ತಿರಕ್ಕೆ ಎಳೆದುಕೊಂಡಳು.

"ಇವಳು ಹೀಗೆ ನಡುಗ್ತಿರ್ಲಿಲ್ಲ" ಎಂದಳು. "ಒಂದು ಕ್ಷಣ ತೋರ್ಸಿ ಒಂದು ಕ್ಷಣ ಮರೆ ಮಾಡ್ತಿದ್ವಿ. ಹಳೇ ಟೀವಿ ಗಾಜಲ್ಲಿ ಅದು ಕಲಸ್ಕೊಂಡು ಹೊಗೆ ಥರ ಕಾಣೋದು. ಇಲ್ಲಿ ಚಳಿಜ್ವರ ಬಂದೋರ ಹಾಗಿದಾಳೆ."

ಹಮಾಗುಚಿ ಬರೆದುಕೊಂಡ. "ಇದನ್ನ ಸರಿಪಡಿಸ್ತೀವಿ. ನಂದೊಂದು ಮುಖ್ಯ ಪ್ರಶ್ನೆ ಇದೆ, ಶಿಯೊಮಿಯವರೇ."

"ಮೊದ್ಲು ನಂದು ಕೇಳಿ ಲಾಯರ್ರೇ. ಇದೆಲ್ಲ ಕಳ್ಳ ಕೆಲ್ಸ ಅಲ್ವಾ?"

"ಸೋಗು ಹಾಕೋ ಪ್ರೋಗ್ರಾಂ ಮಾಡೋದು ತಪ್ಪಲ್ಲ. ಆದ್ರೆ ಕ್ಯಾಸೆಟ್ಟೊಳಗಿರೋ ಆಟ ಬೇರೆಯವರ ಸೊತ್ತು. ಆ ಬೇರೆಯವರು ಯಾರು ಅಂತಾನೇ ಗೊತ್ತಿಲ್ಲ. ಕಂಪನಿ ಸತ್ತಿದೆ, ಯಜಮಾನರು ಸತ್ತಿದಾರೆ, ವಾರಸುದಾರರ ಸುಳಿವಿಲ್ಲ. ಎಲ್ಲಾ ಕಡೆ ಹುಡುಕಿದ್ವಿ, ಸಿಗ್ಲಿಲ್ಲ ಅಂತ ಸರ್ಕಾರಕ್ಕೆ ತೋರ್ಸಿದ್ರೆ ಒಪ್ಪಿಗೆ ಸಿಗುತ್ತೆ."

"ಸೊತ್ತು ಯಾರ್ದು ಅಂದ್ರೆ? ಬರೆದೋರ್ದು."

"ಕಾನೂನಲ್ಲಿ ಬರೆದದ್ದು ಕಂಪನಿ. ಸಂಬಳಕ್ಕೆ ಮಾಡಿದ ಕೆಲ್ಸಕ್ಕೆ ಕರ್ತೃ ಕಂಪನೀನೇ."

"ಓಹೋ. ಕಂಪನಿ ಬಂದು ಕೂತು ಪೆನ್ಸಿಲ್ ಹಿಡೀತಾ? ನಂಗೆ ಕಾಣ್ಲೇ ಇಲ್ಲ ನೋಡಿ."

ಹಮಾಗುಚಿ ಕೆಂಪಾದ. ನಗು ಬಂದರೂ ನಗಬಹುದೋ ಇಲ್ಲವೋ ಎಂದು ಯೋಚಿಸುವವನಂತೆ ಕಂಡ. ಆಮೇಲೆ ತನ್ನ ಪ್ರಶ್ನೆ ತೆಗೆದ. ಆಟದ ಪ್ರೋಗ್ರಾಂ ಒಂದು ವಿಚಿತ್ರ ಗುಂಡಿಕ್ರಮಕ್ಕೆ ಕಾಯುತ್ತಿರುವುದನ್ನು ಅವರು ಕಂಡುಹಿಡಿದಿದ್ದರು. ಅದನ್ನು ಒತ್ತಿ ತೋರಿಸಿದ. ಪರದೆ ಕಪ್ಪಾಯಿತು. ಕಪ್ಪಿನ ನಡುವೆ, ಒಂದು ಸಾಲಿನಲ್ಲಿ, ಎಂಟು ತುಂಡು ಕೂದಲು ಬಂದು ನಿಂತಿತು. ಕೆಳಗೆ ಮುಖವಿಲ್ಲ, ತಲೆಯಿಲ್ಲ, ನೀರಿಲ್ಲ.

ಅವಳಿಗೆ ಕೂಡಲೇ ಅರ್ಥವಾಯಿತು. ತಾನು ಅಳಿಸಿದ್ದು ಅಕ್ಷರದ ಚಿತ್ರಗಳನ್ನು ಮಾತ್ರ. ಅವುಗಳನ್ನು ಕರೆಯುವ ಪ್ರೋಗ್ರಾಂ ಹಾಗೇ ಉಳಿದಿದೆ. ಇಷ್ಟು ವರ್ಷದಿಂದ ಅದು ತನ್ನೊಡೆಯನ ಹೆಸರನ್ನು ಕರೆಯುತ್ತಿದೆ, ಬರುತ್ತಿರುವುದು ಕೂದಲು.

"ಇದು ನಮ್ಮ ಎಮ್ಯುಲೇಟರ್ ತಪ್ಪೋ, ಮೂಲದಲ್ಲೇ ಹೀಗೋ, ನಮಗೆ ಗೊತ್ತಾಗ್ತಿಲ್ಲ" ಎಂದ ಹಮಾಗುಚಿ. "ಇದ್ದದ್ದು ಒಂದೇ ಕ್ಯಾಸೆಟ್. ಒಂದು ಸಲ ಓದಿಸ್ಕೊಳ್ತು, ಆಮೇಲೆ ಕೆಟ್ಟೋಯ್ತು. ನಿಜವಾದ ಯಂತ್ರಕ್ಕೆ ಹಾಕಿ ನೋಡೋಕಾಗಲ್ಲ. ಇಂಟರ್ನೆಟ್ಟಲ್ಲಿ ಕಳ್ಳ ಪ್ರತಿಗಳಿವೆ, ಹೋಲಿಸಿ ನೋಡೋಣ ಅಂದ್ರೆ ಅದನ್ನ ಇಳಿಸ್ಕೊಂಡ ಕ್ಷಣಕ್ಕೆ ನಾವೇ ಕಳ್ಳರು. ಹಂಗಾಗಿ ಉಳಿದಿರೋ ಸಾಕ್ಷಿ ನೀವೊಬ್ರೇ. ನಮ್ಮ ತಪ್ಪು ಅಂತ ನೀವಂದ್ರೆ ಈ ಪರದೆ ಬರದ ಹಾಗೆ ಮಾಡ್ತೀವಿ."

"ಇದು ಮೂಲದಲ್ಲಿ ಇರ್ಲಿಲ್ಲ" ಎಂದಳು ಕತ್ಸುಯೆ.

ಹೇಳಿದ ಮೇಲೆ ತನ್ನ ದನಿ ತನಗೇ ಕೇಳಿಸಿತು. ಹೆಣದ ಪಕ್ಕ ಕೂತು ಹೇಳಿದಾಗಲೂ ಅದು ಇಷ್ಟೇ ಸಲೀಸಾಗಿ ಬಂದಿತ್ತು. ಹಮಾಗುಚಿ ತಲೆಯಾಡಿಸಿ ಪೆನ್ನು ತೆಗೆದ. ಅವನು ಬರೆದರೆ ಮುಗಿಯಿತು. ಸಾವಾಳಿಗೆ ಎಂದೂ ಏನೂ ಗೊತ್ತಾಗುವುದಿಲ್ಲ. ಆದರೆ ಮಿಚಿಹಿಕೊ ಲೋಕದಲ್ಲಿ ಬಿಟ್ಟುಹೋದದ್ದು ಇದೊಂದೇ, ಇದನ್ನೂ ತಾನೇ ಎರಡನೇ ಸಲ ಅಳಿಸಿದಂತಾಗುತ್ತದೆ.

"ತಡೀರಿ, ಬರೀಬೇಡಿ. ನಾಳೆ ಹೇಳ್ತೀನಿ." ಆಮೇಲೆ ಕೇಳಿದಳು: "ಆ ಎಂಟು ಚೌಕಗಳಲ್ಲಿ ಬೇರೆ ಏನಾದ್ರೂ ಬರೀಬಹುದಾ?"

"ಒಂದು ಚುಕ್ಕೇನೂ ಇಲ್ಲ. ಇದ್ದದ್ದು ಇದ್ದ ಹಾಗೇ ಕೊಡೋಕೆ ಒಪ್ಪಿಗೆ ಕೇಳ್ತಿರೋದು. ಬದಲಾಯಿಸಿದ್ರೆ ಕರ್ತೃವಿಗೆ ಅವಮಾನ ಆಗುತ್ತೆ."

"ಸತ್ತ ಕಂಪನಿಗೂ ಅವಮಾನ ಆಗುತ್ತಾ? ಒಳ್ಳೇ ಕಥೆ" ಎಂದಳು. ಪರದೆಯ ಫೋಟೊ ಒಂದನ್ನಾದರೂ ತೆಗೆಯಲೇ ಎಂದು ಕೇಳಿದಳು. ಹಮಾಗುಚಿ ಬಹಳ ಹೊತ್ತು ಯೋಚಿಸಿ, ನಿಮ್ಮ ಸ್ವಂತ ನೆನಪಿಗೆ ಒಂದು ತೆಗೆದುಕೊಳ್ಳಿ ಎಂದ.

ಅಲ್ಲಿಂದ ನೇರವಾಗಿ ಕಿಶಿವಾದಾಕ್ಕೆ ಹೋದಳು. ಎಂಬತ್ತೆಂಟರ ಸಾವಾ ಇನ್ನೂ ಒಕೊನೊಮಿಯಾಕಿ ಅಂಗಡಿ ನಡೆಸುತ್ತಾಳೆ. ಕೋಸಿನ ದಪ್ಪ ದೋಸೆಗಳನ್ನು ಕಬ್ಬಿಣದ ಕಾವಲಿಯ ಮೇಲೆ ಮಗುಚುತ್ತ ಗಿರಾಕಿಗಳನ್ನು ಬೈಯುತ್ತಿರುತ್ತಾಳೆ. ಮಧ್ಯಾಹ್ನದ ಗದ್ದಲ ಮುಗಿದು ಅಂಗಡಿ ಖಾಲಿಯಿತ್ತು.

"ಏನೇ, ಇನ್ನೂ ಜೂನ್ ಅಲ್ವಾ? ಕ್ಯಾಲೆಂಡರ್ ಹರಿದುಬಿಟ್ಯಾ?" ಎಂದಳು ಸಾವಾ. "ಮುಖ ನೋಡು, ಹಳಸಿದ ಗಂಜಿ ಥರ. ಕೂತ್ಕೋ, ಒಂದು ಹಾಕ್ತೀನಿ" ಎಂದು ಕಾವಲಿಗೆ ಹಿಟ್ಟು ಹುಯ್ದಳು.

ಕತ್ಸುಯೆ ಕೂರಲಿಲ್ಲ. ಫೋನ್ ತೆಗೆದು ಕಾವಲಿಯ ಪಕ್ಕದ ಹಲಗೆಯ ಮೇಲಿಟ್ಟಳು. "ಅಮ್ಮ, ಗುಂಡಿ ಒತ್ತಿದ್ರೆ ಇದು ಬರುತ್ತೆ. ಇಲ್ಲಿ ಅವರ ಹೆಸರಿತ್ತು. ನಾನು ಅದನ್ನ ಅಳಿಸಿ ಕೂದಲು ಬರೆದೆ. ಅವರು ಹೋಗೋಕೆ ಮೂರು ದಿನ ಮುಂಚೆ. ಬೇಕಂತಲೇ ಅಳಿಸ್ದೆ. ಇಷ್ಟು ವರ್ಷ ನಿಮಗೆ ಸುಳ್ಳು ಹೇಳ್ದೆ."

ಸಾವಾ ಕನ್ನಡಕ ಏರಿಸಿ ಫೋಟೊ ನೋಡಿದಳು. ಸುಡುತ್ತಿದ್ದ ದೋಸೆಯನ್ನು ಮಗುಚಿದಳು. ಮತ್ತೆ ನೋಡಿದಳು.

"ಅಂತೂ ಬಾಯಿ ಬಿಟ್ಯಲ್ಲ" ಎಂದಳು.

ಕತ್ಸುಯೆಗೆ ಅರ್ಥವಾಗಲಿಲ್ಲ.

"ಶನಿವಾರ ಫೋನ್ ಮಾಡಿದ್ದ ಕಣೇ ಅವನು. ಬೆಳಗ್ಗೆ ಬರ್ತೀನಿ, ಸ್ಕ್ವಿಡ್ ಮೀನು ಹಾಕಿ ದೋಸೆ ಮಾಡು ಅಂತ. ಆಮೇಲೆ ನಕ್ಕಿದ್ದೂ ನಕ್ಕಿದ್ದೇ. ‘ಅಮ್ಮ, ನನ್ನ ಹೆಸರು ಗುಟ್ಟಾಗಿ ಬರ್ದಿದ್ನಲ್ಲ, ಅದನ್ನ ಆ ಹುರುಳಿಕಾಳು ಅಳಿಸಿ ದೆವ್ವದ ಕೂದಲು ಮಾಡಿಟ್ಟಿದಾಳೆ. ಗುಂಡಿ ಒತ್ತಿದ್ರೆ ಬರೀ ಕೂದಲು ಬರುತ್ತೆ. ಎಷ್ಟು ಚಂದ ಬರೆದಿದಾಳೆ ಗೊತ್ತಾ? ಹಾಗೇ ಬಿಟ್ಟಿದೀನಿ. ಸೋಮವಾರ ಅವಳನ್ನ ಕೂರಿಸಿ ಒತ್ತಿಸ್ತೀನಿ, ಅವಳ ಮುಖ ನೋಡ್ಬೇಕು’ ಅಂತಿದ್ದ."

ಕತ್ಸುಯೆ ಕಾವಲಿಯ ಅಂಚು ಹಿಡಿದುಕೊಂಡಳು. ಬಿಸಿ ತಾಗಿದ್ದು ತಡವಾಗಿ ತಿಳಿಯಿತು. "ಹಾಗಾದ್ರೆ ನಾನು ಆವತ್ತು ಹೇಳಿದಾಗ್ಲೇ..."

"ನನ್ನ ಮಗನ ಹೆಣದ ಮುಂದೆ ಕೂತ್ಕೊಂಡು ನೀನು ಸುಳ್ಳು ಹೇಳ್ತಿದೀಯಾ ಅಂತ ಆವತ್ತೇ ಗೊತ್ತಿತ್ತು. ಕೆನ್ನೆಗೆ ಬಾರಿಸೋಣ ಅನ್ನಿಸ್ತು. ನುಂಗ್ಕೊಂಡೆ. ಹೇಳಿಬಿಟ್ಟಿದ್ರೆ ನೀನು ಮತ್ತೆ ಈ ಕಡೆ ತಲೆ ಹಾಕ್ತಿದ್ಯಾ? ವರ್ಷಕ್ಕೊಂದು ಸಲ ಅವನ ಹೆಸರೆತ್ತೋಕೆ ನಂಗೆ ಇನ್ಯಾರಿದ್ರು?" ಸಾವಾ ಏಪ್ರನ್ನಿಗೆ ಕೈ ಒರೆಸಿ, ಅವಳ ಸುಟ್ಟ ಬೆರಳು ಹಿಡಿದು ನಲ್ಲಿಯ ಕೆಳಗೆ ಇಟ್ಟಳು. "ಸಿಟ್ಟಿದೆ ನಂಗೆ. ಹೋಗಲ್ಲ ಅದು. ಆದ್ರೆ ಆ ಕೂದಲನ್ನ ತೆಗೆಸಿದ್ಯೋ, ಜೋಕೆ."

ಮಾರನೆಯ ದಿನ ಕತ್ಸುಯೆ ಸಂಘಕ್ಕೆ ಹೋಗಿ ಹೇಳಿಕೆಯ ಹಾಳೆಯನ್ನು ತಾನೇ ಎಳೆದುಕೊಂಡು ಬರೆದಳು: ಈ ಪರದೆ ಮೂಲದಲ್ಲಿ ಇದ್ದದ್ದೇ. ಗೊತ್ತಿದ್ದೂ ಹೀಗೇ ಉಳಿಸಿದವರು ಕುಸುಮೊತೊ ಮಿಚಿಹಿಕೊ.

"ವ್ಯಕ್ತಿಯ ಹೆಸರು ಬೇಕಾಗಿಲ್ಲ, ಕಂಪನಿ ಹೆಸರಿದ್ರೆ ಸಾಕು" ಎಂದ ಹಮಾಗುಚಿ.

"ಇರ್ಲಿ ಬಿಡಿ. ಆ ಗುಂಡಿಗಳು ಯಾವುವು ಹೇಳಿ, ಈ ಸಲ ನಾನು ಒತ್ತಬೇಕು."

ಅವನು ಹೇಳುತ್ತ ಹೋದ, ಅವಳು ಒತ್ತುತ್ತ ಹೋದಳು. ಪರದೆ ಕಪ್ಪಾಯಿತು, ಕೂದಲು ಬಂದು ನಿಂತಿತು. ಒಂದು ಸೋಮವಾರ ನೋಡಬೇಕಾಗಿದ್ದದ್ದು. ನಿಜವಾಗಿಯೂ ತಮಾಷೆಯಾಗಿತ್ತು, ಅಷ್ಟು ಗಂಭೀರವಾಗಿ, ಅಷ್ಟು ಅಚ್ಚುಕಟ್ಟಾಗಿ ಸಾಲು ನಿಂತ ಕೂದಲು. ಕತ್ಸುಯೆಗೆ ನಗು ಬಂದೇಬಿಟ್ಟಿತು. ನಗುತ್ತ, ಮುಖ ಕಾಣಲಿ ಎಂಬಂತೆ, ಪಕ್ಕದ ಖಾಲಿ ಕುರ್ಚಿಯ ಕಡೆ ತಿರುಗಿದಳು.